ಮೊದಲ ಎರಡು ನಿಮಿಷದ ನೀರು

ಖಿದಿರ್‌ಪುರದ ಆ ಗಲ್ಲಿಯ ನೀರನ್ನು ನಾನು ಮೂರು ಸಲ ಪಾಸು ಮಾಡಿದ್ದೆ. ಮೂರು ವರದಿಗಳ ಕೆಳಗೂ ‘ಕುಡಿಯಲು ಯೋಗ್ಯ’ ಎಂದು ಕೈಯಾರೆ ಬರೆದು ಸಹಿ ಹಾಕಿದ್ದೆ. ಮೂರನೆಯದಕ್ಕೆ ಸಹಿ ಹಾಕಿದ ವಾರವೇ ಆರೋಗ್ಯ ಕಾರ್ಯಕರ್ತೆಯ ಫೋನ್ ಬಂತು. ಗಲ್ಲಿಯ ಇನ್ನೆರಡು ಕೂಸುಗಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದವು.

ನಮ್ಮದು ಬಂಗಾಳದ ಇದೇ ಮಹಾನಗರದ ಇನ್ನೊಂದು ಮೂಲೆ, ಕಸ್ಬಾದಲ್ಲಿರುವ ಖಾಸಗಿ ಲ್ಯಾಬ್. ಊರಿನ ಕೆಲವು ಭಾಗಗಳ ಕುಡಿಯುವ ನೀರಿನ ಪರೀಕ್ಷೆ ನಮಗೆ ಬರುತ್ತದೆ, ಆ ವಿಭಾಗ ನನ್ನ ಕೈಯಲ್ಲಿದೆ. ನಿಯಮದ ವಿಷಯದಲ್ಲಿ ನಾನು ಹಟಮಾರಿ. ಬೆನ್ನ ಹಿಂದೆ ನನ್ನನ್ನು ‘ನಿಯಮದ ದೀದಿ’ ಎನ್ನುತ್ತಾರೆಂಬುದು ಗೊತ್ತು. ಅದಕ್ಕೆ ಬೇಸರವಿಲ್ಲ, ಒಳಗೊಳಗೆ ಖುಷಿಯೇ.

ನಿಯಮ ಹೀಗಿದೆ. ನಲ್ಲಿ ತಿರುಗಿಸಿ ಎರಡು ಮೂರು ನಿಮಿಷ ನೀರು ಹರಿಯಬಿಡಬೇಕು, ಪೈಪಿನಲ್ಲಿ ನಿಂತ ಹಳೆಯ ನೀರೆಲ್ಲ ಹೋಗಬೇಕು. ಆಮೇಲೆ ನಲ್ಲಿ ಮುಚ್ಚಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯ ಉರಿಯಿಂದ ಅದರ ಬಾಯಿಯನ್ನು ಸುಡಬೇಕು. ಮತ್ತೆ ಸ್ವಲ್ಪ ನೀರು ಬಿಟ್ಟು, ಕುದಿಸಿ ಶುದ್ಧ ಮಾಡಿದ ಬಾಟಲಿಯಲ್ಲಿ ಹಿಡಿದು, ಐಸ್ ತುಂಬಿದ ಪೆಟ್ಟಿಗೆಯಲ್ಲಿ ಲ್ಯಾಬಿಗೆ ತರಬೇಕು. ಅಲ್ಲಿ ನೇರಳೆ ಬಣ್ಣದ ದ್ರವವಿರುವ ಟ್ಯೂಬುಗಳಿಗೆ ಆ ನೀರು ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿಡುತ್ತೇವೆ. ನೀರಿನಲ್ಲಿ ಹೊಲಸಿನ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲಿ ನೇರಳೆ ಹಳದಿಯಾಗುತ್ತದೆ, ಒಳಗೆ ಗುಳ್ಳೆ ಏಳುತ್ತದೆ. ಆ ಗಲ್ಲಿಯ ಟ್ಯೂಬುಗಳು ಮೂರು ಸಲವೂ ನೇರಳೆಯಾಗಿಯೇ ಉಳಿದಿದ್ದವು.

ನೀರು ಸರಬರಾಜಿನ ಇಂಜಿನಿಯರ್ ಇದರಿಂದ ಸುಲಭದ ತೀರ್ಮಾನಕ್ಕೆ ಬಂದಿದ್ದರು. ನಲ್ಲಿಯ ನೀರು ಚೆನ್ನಾಗಿದೆ, ಆದ್ದರಿಂದ ಕೊಳೆ ಜನರ ಕೊಡದಲ್ಲಿದೆ. ಮುಂದಿನ ವಾರ ಫೈಲು ಮುಚ್ಚಿ, ಗಲ್ಲಿಯ ಗೋಡೆಗಳಿಗೆ ‘ಪಾತ್ರೆ ತೊಳೆಯಿರಿ, ಕೈ ತೊಳೆಯಿರಿ’ ಎಂಬ ಕಾಗದ ಅಂಟಿಸುವುದೆಂದು ನಿರ್ಧಾರವಾಗಿತ್ತು. ಆ ತೀರ್ಮಾನಕ್ಕೆ ಆಧಾರ ನನ್ನ ಮೂರು ವರದಿಗಳು.

ಮರುದಿನ ಕೆಳಗಿನಿಂದ ಸೆಕ್ಯೂರಿಟಿಯವನು ಫೋನ್ ಮಾಡಿ, ಯಾರೋ ಹೆಂಗಸು ಎರಡು ಖಾಲಿ ಕೊಡ ಹಿಡಿದುಕೊಂಡು ಬಂದು ಮೇಲೆ ಬಿಡು ಎಂದು ಜಗಳಕ್ಕೆ ನಿಂತಿದ್ದಾರೆ ಎಂದ. ನಾನೇ ಇಳಿದುಹೋದೆ. ಅರವತ್ತು ದಾಟಿದ, ಬಡಕಲು ಮೈಯ ಹೆಂಗಸು. ಬಸ್ಸಿನ ನೂಕುನುಗ್ಗಲಿನಲ್ಲಿ ಕೊಡಗಳಿಗೆ ಪೆಟ್ಟಾಗದಂತೆ ಸೆರಗು ಸುತ್ತಿ ತಂದಿದ್ದರು. ಗಲ್ಲಿಯವರೆಲ್ಲ ಚಾಚಿ ಎನ್ನುವ ಅವರು ಅಲ್ಲಿನ ನಲ್ಲಿಯ ಯಜಮಾನಿ, ಯಾರು ಯಾವಾಗ ನೀರು ಹಿಡಿಯಬೇಕೆಂದು ಹೇಳುವವರು. ಅವರು ಆಡಿದ್ದು ಹಿಂದಿ. ನನ್ನ ಕಿವಿಯಲ್ಲಿ ಅದು ನಮ್ಮ ಉಡುಪಿಯ ಕನ್ನಡವಾಗಿಯೇ ಉಳಿದಿದೆ, ಅವರ ಮಾತನ್ನೂ ಉಳಿದವರದ್ದನ್ನೂ ಹಾಗೆಯೇ ಬರೆಯುತ್ತೇನೆ.

“ನಮ್ಮ ಕೊಡದಲ್ಲಿ ಕೊಳೆ ಉಂಟು ಅಂತ ಬರೆದದ್ದು ನೀವಾ ಮೇಡಂ?”

“ನಾನು ಕೊಡದ ವಿಷಯ ಬರೀಲಿಲ್ಲ. ನೀರು ಸರಿ ಉಂಟು ಅಂತ ಮಾತ್ರ ಬರೆದದ್ದು.”

“ಎರಡೂ ಒಂದೇ ಆಯ್ತಲ್ಲ. ನನ್ನ ಮೊಮ್ಮಗಳಿಗೆ ಎಂಟು ತಿಂಗಳು. ಆಸ್ಪತ್ರೆಯಲ್ಲಿ ಸಲೈನ್ ಹಾಕಿಕೊಂಡು ಮಲಗಿದ್ದಾಳೆ. ನಾನು ಕೊಳಕಿ ಅಂತ ಸೊಸೆಯ ತವರಿನವರೂ ಹೇಳ್ತಿದ್ದಾರೆ. ಈ ಕೊಡ ನೋಡಿ, ನಿಮ್ಮ ಮಿಷನ್‌ನಲ್ಲೇ ನೋಡಿ.”

ನನಗೆ ಸಿಟ್ಟು ಬಂತು. ಕೆಲಸ ಗೊತ್ತಿರುವವಳ ಎದುರು ಹೊರಗಿನವರು ಬಂದು ಹೀಗೆ ಮಾಡು ಎಂದರೆ ಬರುವ ಸಿಟ್ಟು. ಮಾತು ಮುಗಿಸುವ ಸಲುವಾಗಿಯೇ ಕೊಡಗಳನ್ನು ಮೇಲೆ ತರಿಸಿ, ಶುದ್ಧ ನೀರಿನಿಂದ ಒಳಗೆಲ್ಲ ಅಲುಗಾಡಿಸಿ, ಆ ನೀರನ್ನು ಟ್ಯೂಬಿಗೆ ಹಾಕಿದೆ. ಎರಡು ದಿನ ಕಳೆದರೂ ನೇರಳೆ ನೇರಳೆಯೇ. ನಮ್ಮ ಲ್ಯಾಬಿನ ಕೆಲವು ಗಾಜಿನ ಪಾತ್ರೆಗಳೂ ಅಷ್ಟು ಸ್ವಚ್ಛವಿರಲಿಕ್ಕಿಲ್ಲ.

ಇನ್ನು ಉಳಿದದ್ದು ಮನೆಗಳಲ್ಲಿ ತುಂಬಿಟ್ಟ ನೀರು. ನಮ್ಮಲ್ಲಿ ಸ್ಯಾಂಪಲ್ ತರುವವರು ನಿವೃತ್ತಿಗೆ ಹತ್ತಿರವಾದ ಬಂಗಾಳಿ ಗೃಹಸ್ಥರು, ನಮಗೆಲ್ಲ ದಾದಾ, ಅಂದರೆ ಅಣ್ಣ. ಅವರನ್ನು ಕಳಿಸಿ ಗಲ್ಲಿಯ ಮನೆಮನೆಯ ಕೊಡದಿಂದ ನೀರು ತರಿಸಿದೆ. ಮೊದಲ ಸಲ ಮೆರವಣಿಗೆಯೊಂದರಲ್ಲಿ ಸಿಕ್ಕಿಕೊಂಡು ಅವರು ತಲುಪುವಾಗ ಐಸೆಲ್ಲ ಕರಗಿತ್ತು. ಬಾಟಲಿಗಳನ್ನು ಅವರ ಕಣ್ಣೆದುರೇ ಸಿಂಕಿಗೆ ಸುರಿದೆ. ದಾದಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಎರಡನೆಯ ಸಲ ಐಸ್ ಉಳಿದಿತ್ತು. ಆದರೆ ಬಂದ ಫಲಿತಾಂಶ ನೋಡಿ ನನಗೆ ತಲೆ ಕೆಟ್ಟಿತು.

ಹೆಚ್ಚಿನ ಮನೆಗಳ ನೀರು ಚೆನ್ನಾಗಿತ್ತು. ಕೆಟ್ಟದ್ದು ಕೂಸಿರುವ ಮನೆಗಳದ್ದು, ಮತ್ತೆ ಹಾಸಿಗೆ ಹಿಡಿದ ಮುದುಕರಿರುವ ಮನೆಗಳದ್ದು. ಅವುಗಳಲ್ಲಿ ಚಾಚಿಯ ಮನೆಯೂ ಒಂದು. ಇಂಜಿನಿಯರಿಗೆ ಫೋನಿನಲ್ಲಿ ಹೇಳಿದರೆ ಅವರು ನಕ್ಕರು. “ನಾನು ಎಂತ ಹೇಳಿದ್ದು ಮೇಡಂ? ಕೂಸಿನ ಮನೆ ಅಂದ್ರೆ ಹೇಲುಬಟ್ಟೆ ಒಂದು ಕೈಯಲ್ಲಿ, ಕೊಡ ಇನ್ನೊಂದು ಕೈಯಲ್ಲಿ. ಫೈಲು ಮುಚ್ಚುವ.”

ಅರ್ಧ ಮನಸ್ಸು ಹೌದೆಂದಿತು. ಆದರೆ ಚಾಚಿಯ ಕೊಡವನ್ನು ನಾನೇ ತೊಳೆದು ನೋಡಿದ್ದೆ. ಅದರ ಕುತ್ತಿಗೆ ಎಷ್ಟು ಕಿರಿದೆಂದರೆ ಒಳಗೆ ಕೈ ಹೋಗುವುದಿಲ್ಲ, ಬಗ್ಗಿಸಿಯೇ ನೀರು ಹೊಯ್ಯಬೇಕು. ಕೊಡ ಸ್ವಚ್ಛ, ನಲ್ಲಿ ಸ್ವಚ್ಛ, ನಲ್ಲಿಯಿಂದ ಕೊಡಕ್ಕೆ ಬಂದ ನೀರು ಮಾತ್ರ ಹೊಲಸು. ಇದು ಹೇಗೆ ಸಾಧ್ಯವೆಂದು ನಾನು ಆ ಸಂಜೆ ಅಡಿಗೆಮನೆಯಲ್ಲಿ ಸೌಟು ಕುಕ್ಕುತ್ತ ಹೇಳುವಾಗ ಬ್ಯಾಂಕಿನಿಂದ ಬಂದ ಗಂಡ ಬಾಗಿಲಿಗೆ ಒರಗಿ ಕೇಳುತ್ತಿದ್ದರು.

“ಅಲ್ಲ ಮಾರಾಯ್ತಿ, ನೀರು ಬರುವ ಹೊತ್ತಿಗೆ ನೀನು ಒಮ್ಮೆ ಆದ್ರೂ ಅಲ್ಲಿ ಹೋಗಿದ್ದಿಯಾ?”

“ನಾನ್ಯಾಕೆ ಹೋಗ್ಬೇಕು? ಅದಕ್ಕೆ ದಾದಾ ಇದ್ದಾರಲ್ಲ.”

“ಬ್ರಾಂಚಿಗೆ ಕಾಲಿಡದೆ ಇನ್ಸ್‌ಪೆಕ್ಷನ್ ರಿಪೋರ್ಟ್ ಬರೆದ ಹಾಗಾಯ್ತು. ನಾನು ಹಾಗೆ ಮಾಡಿದ್ರೆ ನನ್ನನ್ನು ಮನೆಗೆ ಕಳಿಸ್ತಾರೆ.”

ಗಂಡನ ಕೀಟಲೆಗೆ ಆ ಹೊತ್ತಿನಲ್ಲಿ ಚೆನ್ನಾಗಿಯೇ ಉತ್ತರ ಕೊಟ್ಟೆ, ಇಲ್ಲಿ ಬರೆಯುವುದಿಲ್ಲ. ಆದರೆ ಮರುದಿನ ಬೆಳಗಿನ ನೀರು ಬಿಡುವ ಮೊದಲೇ ದಾದಾನೊಡನೆ ಆ ಗಲ್ಲಿಯಲ್ಲಿದ್ದೆ.

ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಗೋಡೆಗೆ ಅಂಟಬೇಕಾದ ಗಲ್ಲಿ. ನಡುವೆ ತೆರೆದ ಚರಂಡಿ, ತುದಿಯಲ್ಲಿ ಸಿಮೆಂಟು ಕಟ್ಟೆಯ ಮೇಲೊಂದು ಹಿತ್ತಾಳೆ ನಲ್ಲಿ. ಇಡೀ ಗಲ್ಲಿಗೆ ಅದೊಂದೇ. ನೀರು ದಿನಕ್ಕೆ ಕೆಲವು ಹೊತ್ತು ಮಾತ್ರ ಬರುತ್ತದೆ, ಹೊತ್ತು ಮುಗಿದರೆ ಕೊಡ ಖಾಲಿಯಿದ್ದರೂ ಖಾಲಿಯೇ. ಕೊಡಗಳು ಆಗಲೇ ಸಾಲಾಗಿ ಕೂತಿದ್ದವು. ಚಾಚಿ ನನ್ನನ್ನು ನೋಡಿ ಮುಖ ಬಿಗಿದರು, ಆದರೂ ಒಂದು ಸ್ಟೂಲು ತರಿಸಿ ಕೊಟ್ಟರು.

ಪೈಪು ಕೆಮ್ಮಿತು, ಗಾಳಿ ಬಂತು, ಆಮೇಲೆ ನೀರು. ಚಾಚಿ ಕೂಗತೊಡಗಿದರು. ಮೊದಲು ಹೊಸ ಬಾಣಂತಿಯ ಮನೆ. ಆಮೇಲೆ ಅವಳಿಗಳ ಮನೆ. ಆಮೇಲೆ ಲಕ್ವ ಹೊಡೆದ ಅಜ್ಜನ ಮನೆ. ಸಾಲಿನ ಮುಂದಿದ್ದವರು ಯಾರೂ ಗೊಣಗಲಿಲ್ಲ, ತಮ್ಮ ಕೊಡ ಸರಿಸಿ ದಾರಿ ಬಿಟ್ಟರು. ಕೂಸು, ಮುದುಕರು, ರೋಗಿಗಳು ಇರುವ ಮನೆಯವರು ಕಾಯಬಾರದು, ಮೊದಲ ಕೊಡ ಅವರದ್ದು. ಚಾಚಿಯ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿಯಂತೆ. ಇಷ್ಟು ಇಕ್ಕಟ್ಟಿನಲ್ಲಿ ಇಷ್ಟು ದೊಡ್ಡ ಮನಸ್ಸೇ ಎಂದು ನಾನು ಮೆಚ್ಚಿಕೊಳ್ಳುತ್ತಿರುವಾಗಲೇ ನನ್ನ ಕಣ್ಣು ದಾದಾನ ಕಡೆ ಹೋಯಿತು. ಅವರು ಗಡಿಯಾರ ನೋಡುತ್ತ ಸುಮ್ಮನೆ ನಿಂತಿದ್ದರು.

“ದಾದಾ, ನೀರು ಹರಿಯಬಿಡ್ಲಿಕ್ಕೆ ಶುರು ಮಾಡ್ಲಿಲ್ವಾ?”

“ಹರೀತಾ ಉಂಟಲ್ಲ ದೀದಿ. ಅವರ ಕೊಡಕ್ಕೆ ಹೋಗ್ತಾ ಉಂಟು. ಮೂರು ನಿಮಿಷ ಆದ ಮೇಲೆ ನಾನು ಹಿಡೀತೇನೆ. ಸುಮ್ಮನೆ ಚರಂಡಿಗೆ ಬಿಡುವುದು ಪಾಪ ಅಲ್ವಾ? ನೀವೇ ಹೇಳಿದ್ರಲ್ಲ, ಒಳ್ಳೆಯದು ಅಂತ.”

ಹೇಳಿದ್ದೆ. ಎಷ್ಟೋ ತಿಂಗಳ ಹಿಂದೆ ದಾದಾ ಹೀಗೆ ಮಾಡಲೇ ಎಂದು ಕೇಳಿದಾಗ, ನೀರೂ ಉಳಿಯಿತು ನಿಯಮವೂ ಉಳಿಯಿತು ಎಂದು ನಾನೇ ಅವರ ಬೆನ್ನು ತಟ್ಟಿದ್ದೆ. ಪೈಪಿನಲ್ಲಿ ನಿಂತ ಹಳೆಯ ನೀರು ಪರೀಕ್ಷೆಗೆ ಬರಬಾರದೆಂದು ನಾವು ಬೇಡವೆನ್ನುತ್ತಿದ್ದ ಆ ಮೊದಲ ನಿಮಿಷಗಳ ನೀರು ಇಷ್ಟು ದಿನವೂ ಹೋಗಿದ್ದು ಕೂಸುಗಳ ಮನೆಗೆ. ಸ್ಟೂಲಿನಿಂದ ಎದ್ದು, ತುಂಬುತ್ತಿದ್ದ ಕೊಡವನ್ನು ಕೈಯಿಂದ ಸರಿಸಿದೆ. ಅವಳಿಗಳ ತಾಯಿ ಬಾಯಿಬಿಟ್ಟು ನೋಡಿದಳು.

ಆ ಹೊತ್ತಿನಲ್ಲಿ ನಾನು ಮಾಡಿದ ತೀರ್ಮಾನವೇ ಈ ಕೆಲಸದ ತಿರುವು. ನೀರು ಹರಿಯಬಿಡದೆ, ಮೊದಲ ಹನಿಯಿಂದಲೇ ಸ್ಯಾಂಪಲ್ ಹಿಡಿಯಬೇಕು. ನಮ್ಮ ಕ್ರಮದ ಪ್ರಕಾರ ಅದು ಸ್ಯಾಂಪಲ್ಲೇ ಅಲ್ಲ. ಬೇರೆ ಯಾರಾದರೂ ಹಾಗೆ ತಂದಿದ್ದರೆ ನಾನೇ ಸಿಂಕಿಗೆ ಸುರಿಯುತ್ತಿದ್ದೆ. ಆದ್ದರಿಂದ ಯಾರೂ ಬೆರಳು ತೋರಿಸದಂತೆ ಮಾಡಬೇಕಿತ್ತು. ನೀರು ಬರುವ ಮೊದಲೇ, ಒಣಗಿದ ನಲ್ಲಿಯ ಬಾಯಿಯನ್ನು ಸುಟ್ಟು ಶುದ್ಧ ಮಾಡುವುದು. ಮೊದಲ ಹನಿಗೆ ಒಂದು ಬಾಟಲಿ, ಆಮೇಲೆ ನಿಮಿಷಕ್ಕೊಂದು. ಪ್ರತಿ ಬಾಟಲಿಯ ಜೊತೆಗೆ ಅಲ್ಲೇ, ಕ್ರಿಮಿ ಕೊಲ್ಲುವ ಕ್ಲೋರಿನ್ ನೀರಿನಲ್ಲಿ ಉಳಿದಿದೆಯೇ ಎಂಬ ಪರೀಕ್ಷೆ. ಎಲ್ಲ ಸರಿ, ಆದರೆ ಅಷ್ಟು ನಿಮಿಷದ ನೀರು ಗಲ್ಲಿಗೆ ತಪ್ಪುತ್ತದೆ. ಸಾಲಿನ ಕೊನೆಯ ಮನೆಗಳಿಗೆ ಆ ಹೊತ್ತಿನ ನೀರೇ ಇಲ್ಲ.

ಚಾಚಿಯನ್ನು ಕಟ್ಟೆಯ ಮೇಲೆ ಕೂರಿಸಿ ಹೇಳಿದೆ. ನಾಳೆ ಮೊದಲ ನೀರು ನಮಗೆ ಬೇಕು. ಮತ್ತೆ ಇವತ್ತಿನಿಂದ ಕೂಸುಗಳ ಮನೆಗೆ ನೀರು ಕೊನೆಗೆ.

“ಕೂಸಿಗೆ ಕೊನೆಗಾ? ಈ ಗಲ್ಲಿಯಲ್ಲಿ ಆಗುವುದಿಲ್ಲ ಅದು. ಕೂಸಿಗೆ ಮೊದಲು ಕೊಡುವುದು ನಮ್ಮ ಮರ್ಯಾದೆ. ಅದನ್ನೂ ಬಿಟ್ರೆ ನಮ್ಮತ್ರ ಎಂತ ಉಂಟು?”

“ಚಾಚಿ, ಮೊದಲ ನೀರಿನಲ್ಲೇ ದೋಷ ಉಂಟು ಅಂತ ನನಗೆ ಸಂಶಯ.”

ನೋಡುತ್ತಿದ್ದಂತೆ ಅವರಿಗೆ ಎಲ್ಲ ಹೊಳೆಯಿತು. ಮೊಮ್ಮಗಳ ಪಾಲಿನ ಕೊಡವನ್ನು ದಿನವೂ ಮೊದಲ ಸಾಲಿನಲ್ಲಿ ಇಟ್ಟವರು ಅವರೇ. “ಹಾಗಾದ್ರೆ ನಾನೇ ಕುಡಿಸಿದ್ದಾ ಅವಳಿಗೆ?” ಎಂದರು, ತುಂಬಾ ಸಣ್ಣ ದನಿಯಲ್ಲಿ. ನನಗೆ ಅಳು ಬಂತು. ನೀವೊಬ್ಬರೇ ಅಲ್ಲ, ನಾನೂ ಸೇರಿ ಕುಡಿಸಿದ್ದು ಎಂದು ಹೇಳಿದೆ. ಎಂದೋ ಅಭ್ಯಾಸವಾದ ಸಮಾಧಾನದ ಮಾತಲ್ಲ ಅದು, ನಿಜವನ್ನೇ ಹೇಳಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಚಾಚಿ ಎದ್ದು ನಿಂತು ಹೆಂಗಸರಿಗೆ ಅಪ್ಪಣೆ ಮಾಡಿದರು. ನಾಳೆ ಮೊದಲ ನೀರು ಲ್ಯಾಬಿನವರದ್ದು, ಕೂಸುಗಳ ಕೊಡ ಕೊನೆಗೆ. ಕೊನೆಯ ಮನೆಗಳಿಗೆ ಯಾರ್‍ಯಾರು ಅರ್ಧರ್ಧ ಕೊಡ ಕೊಡಬೇಕೆಂದು ಅಲ್ಲೇ ಹೆಸರು ಹಿಡಿದು ಹೇಳಿದರು. ನೀರು ಸಾಲದ ಗಲ್ಲಿ ನನ್ನ ಬಾಟಲಿಗಳಿಗಾಗಿ ತನ್ನ ನೀರನ್ನು ಚರಂಡಿಗೆ ಬಿಡಲು ಒಪ್ಪಿತು. ನಾನು ಕಂಡ ಯಾವ ಕಚೇರಿಯೂ ಇಷ್ಟು ಬೇಗ ಇಂಥ ನಿರ್ಣಯ ಮಾಡಿದ್ದಿಲ್ಲ.

ಮರುದಿನ ಬಾಟಲಿ ಹಿಡಿದದ್ದು ನಾನೇ. ಕ್ಲೋರಿನ್ ಇರುವ ನೀರಿಗೆ ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರಬೇಕು. ಮೊದಲ ಬಾಟಲಿಯ ನೀರಿಗೆ ಬಣ್ಣವೇ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದರಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು. ಆಮೇಲಿನವು ಚೆನ್ನಾಗಿ ಗುಲಾಬಿಯಾದವು. ಈ ಸಲ ಐಸ್ ಕರಗಬಾರದೆಂದು ದಾದಾ ಎರಡು ಪೆಟ್ಟಿಗೆ ತಂದಿದ್ದರು. ಲ್ಯಾಬಿನಲ್ಲಿ ಮರುದಿನವೇ ಮೊದಲ ಎರಡು ಬಾಟಲಿಯ ಟ್ಯೂಬುಗಳು ಹಳದಿಗೆ ತಿರುಗಿ ಗುಳ್ಳೆ ತುಂಬಿಕೊಂಡಿದ್ದವು. ಕೊನೆಯವು ನೇರಳೆಯಾಗಿಯೇ ಇದ್ದವು.

ನಾನು ಕಳಿಸಿದ ಟ್ಯೂಬುಗಳ ಫೋಟೋ ನೋಡಿ ಇಂಜಿನಿಯರ್ ಫೋನ್ ಮಾಡಿದರು. “ನೀರು ಹರಿಯಬಿಡದೆ ಹಿಡಿದದ್ದು ಸ್ಯಾಂಪಲ್ ಅಲ್ಲ ಮೇಡಂ. ನಿಮಗೆ ನಾನು ಹೇಳ್ಬೇಕಾ?”

“ಬೇಡ. ಆ ನಿಯಮ ನಿಮಗಿಂತ ಚೆನ್ನಾಗಿ ನನಗೆ ಗೊತ್ತುಂಟು. ಆದ್ರೆ ಆ ಕೂಸುಗಳು ನೀರು ಹರಿಯಬಿಟ್ಟು ಕುಡಿಯುವುದಿಲ್ಲ.”

“ಫಾರ್ಮಿನಲ್ಲಿ ಇದಕ್ಕೆ ಜಾಗ ಎಲ್ಲುಂಟು?”

ಜಾಗವಿರಲಿಲ್ಲ. ಅದೇ ಫಾರ್ಮಿಗೆ ಇನ್ನೊಂದು ಹಾಳೆ ಸೇರಿಸಿ, ಮೊದಲ ನೀರು ಒಂದು ಕಡೆ, ಹರಿಯಬಿಟ್ಟ ನೀರು ಇನ್ನೊಂದು ಕಡೆ ಬರೆದು, ಎರಡಕ್ಕೂ ಸಹಿ ಹಾಕಿ ಕಳಿಸಿದೆ. ಮೊದಲ ನೀರಿನ ಕೆಳಗೆ ಬರೆದದ್ದು ‘ಕುಡಿಯಲು ಯೋಗ್ಯವಲ್ಲ’ ಎಂದು. ಆದರೆ ಇಂಜಿನಿಯರನ್ನು ಸಣ್ಣವರನ್ನಾಗಿ ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಹಾಳೆ ಸಿಕ್ಕಿದ ಮರುದಿನವೇ ಆ ಮನುಷ್ಯ ಪ್ಯಾಂಟು ಮಡಚಿಕೊಂಡು ಗಲ್ಲಿಗೆ ಬಂದರು. ಮೊದಲ ನೀರಿಗೆ ತಾವೇ ಮಾತ್ರೆ ಹಾಕಿ, ಬಣ್ಣ ಬರಲೆಂದು ಕಾದು, ಬಾರದಿದ್ದಾಗ ಇನ್ನೊಂದು ಮಾತ್ರೆ ಹಾಕಿದರು.

ಅವರೊಡನೆ ವಾಲ್ವ್ ತಿರುಗಿಸುವವನೂ ಬಂದಿದ್ದ, ನಮ್ಮ ಕಡೆಯವರು ನೀರುಗಂಟಿ ಎನ್ನುತ್ತಾರಲ್ಲ, ಆ ಕೆಲಸದವನು. ಇಷ್ಟು ಹೊತ್ತು ದೂರ ನಿಂತಿದ್ದವನು ಆಗ ಬಾಯಿ ತೆರೆದ. “ಸಾಹೇಬ್ರೆ, ನಾನು ವಾಲ್ವ್ ಮುಚ್ಚಿದ ಮೇಲೆ ಈ ನಲ್ಲಿ ಒಳಗೆ ಎಳ್ಕೊಳ್ತದೆ. ಸೊಂಯ್ ಅಂತ ಶಬ್ದ ಬರ್ತದೆ.”

“ಮೊದಲು ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ.”

ಆ ಹೊತ್ತಿನ ನೀರು ನಿಲ್ಲುವವರೆಗೂ ಕಾದೆವು. ನೀರುಗಂಟಿ ಬೀದಿಯ ತಿರುವಿಗೆ ಹೋಗಿ ವಾಲ್ವ್ ಮುಚ್ಚಿದ. ಇಂಜಿನಿಯರ್ ತೆರೆದ ನಲ್ಲಿಯ ಬಾಯಿಗೆ ಅಂಗೈ ಒತ್ತಿ ಹಿಡಿದರು. ಅವರ ಮುಖ ಬದಲಾದದ್ದನ್ನು ಇಡೀ ಗಲ್ಲಿ ನೋಡಿತು. ನೀರು ನಿಂತಾಗ ಖಾಲಿಯಾಗುವ ಪೈಪು ಅಂಗೈಯನ್ನು ಹೀರಿ ಹಿಡಿದಿತ್ತು. ನಲ್ಲಿ ಮುಚ್ಚಿದ್ದರೆ ಅದು ಬೇರೆಲ್ಲಿಂದ ಹೀರುತ್ತದೆ? ಎಲ್ಲರ ಕಣ್ಣೂ ಚರಂಡಿಯ ಕಡೆ ಹೋಯಿತು. ನಲ್ಲಿಗೆ ಬರುವ ಹಳೆಯ ಕಬ್ಬಿಣದ ಪೈಪು ಆ ಚರಂಡಿಯ ತಳದಲ್ಲೇ ಹಾದುಬರುತ್ತಿತ್ತು.

ಪೈಪಿನಲ್ಲಿ ತೂತಿದೆಯೆಂದು ಊಹಿಸುವುದು ಬೇರೆ, ತೋರಿಸುವುದು ಬೇರೆ. ನಮ್ಮಲ್ಲಿ ಬಿಸಿಲಿಗೆ ಹಿಡಿದರೆ ಹಸಿರಾಗಿ ಹೊಳೆಯುವ ಬಣ್ಣದ ಪುಡಿಯೊಂದಿದೆ. ಮತ್ತೊಂದು ದಿನ, ಬೆಳಗಿನ ನೀರು ನಿಂತ ಕೂಡಲೇ ಅದನ್ನು ಚರಂಡಿಯ ನೀರಿಗೆ ಕಲಸಿದೆವು. ಮಧ್ಯಾಹ್ನದ ನೀರಿಗೆ ಯಾರೂ ಕೊಡ ಒಡ್ಡಬಾರದೆಂದು ಚಾಚಿ ಕಟ್ಟೆಯ ಮೇಲೆ ಕಾವಲು ಕೂತರು. ನೀರು ಬಂತು. ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿದೆ. ಎಳೆಯ ಹಸಿರು. ಚರಂಡಿಗೆ ಸುರಿದದ್ದು ಲೋಟದಲ್ಲಿತ್ತು. ಹೆಂಗಸರಲ್ಲಿ ಒಬ್ಬಳು ಮುಖ ತಿರುಗಿಸಿ ವಾಂತಿ ಮಾಡಿದಳು. ಇಂಜಿನಿಯರ್ ಆ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ತುಂಬಾ ಹೊತ್ತು ಹಿಡಿದಿದ್ದರು.

ಆಮೇಲಿನದೆಲ್ಲ ಅವರ ಕೆಲಸ, ಅದನ್ನು ಅವರು ಚೆನ್ನಾಗಿ ಮಾಡಿದರು. ಅಗೆದಾಗ ಸಿಕ್ಕಿದ ಪೈಪು ತುಕ್ಕು ಹಿಡಿದು ಜರಡಿಯಾಗಿತ್ತು. ಯಾರೋ ಎಂದೋ ಸೈಕಲ್ ಟ್ಯೂಬು ಸುತ್ತಿ ಕಟ್ಟಿದ್ದರು. ಹೊಸ ಪೈಪನ್ನು ಚರಂಡಿಗೆ ತಾಗದಂತೆ ಗೋಡೆಯ ಮೇಲಿನಿಂದ ತಂದರು. ಬ್ಲೀಚಿಂಗ್ ಪೌಡರಿನ ನೀರು ತುಂಬಿ, ನಿಲ್ಲಿಸಿ, ತೊಳೆದರು. ನಾನು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಮೊದಲ ಹನಿಯನ್ನೇ ಹಿಡಿದು ನೋಡಿದೆ. ಮಾತ್ರೆ ಹಾಕಿದ ಕೂಡಲೇ ಗುಲಾಬಿ, ಟ್ಯೂಬುಗಳು ನೇರಳೆ. ಅಷ್ಟರಲ್ಲಿ ಚಾಚಿಯ ಮೊಮ್ಮಗಳೂ ಮನೆಗೆ ಬಂದಿದ್ದಳು. ಸೊರಗಿದ್ದಳು, ಆದರೆ ನನ್ನ ಕನ್ನಡಕ ಕಿತ್ತುಕೊಳ್ಳುವಷ್ಟು ಶಕ್ತಿಯಿತ್ತು.

ನಾನು ಹೆಮ್ಮೆಯಿಂದ ಬರೆಯುತ್ತಿದ್ದೇನೆಂದು ಓದುವವರಿಗೆ ಅನಿಸಿದ್ದರೆ ಅದು ಸರಿಯೇ. ದಾದಾನ ಬಗ್ಗೆ, ಆ ಇಂಜಿನಿಯರ್ ಬಗ್ಗೆ, ನೀರುಗಂಟಿಯ ಬಗ್ಗೆ ಹೆಮ್ಮೆಯಿದೆ. ನನ್ನ ಬಗ್ಗೆಯೂ ಇದೆ, ಯಾಕೆ ಮುಚ್ಚಿಡಲಿ. ಈಗ ನಮ್ಮ ಫಾರ್ಮಿನಲ್ಲಿ ‘ಮೊದಲ ನೀರು’ ಎಂಬ ಒಂದು ಸಾಲಿದೆ. ಹೊಸದಾಗಿ ಸೇರಿದವರು ಅದು ಮೊದಲಿನಿಂದಲೂ ಇತ್ತೆಂದೇ ತಿಳಿದಿದ್ದಾರೆ.

ಆದರೆ ಒಂದು ಕೆಲಸ ಉಳಿದಿತ್ತು. ನನ್ನ ಮೂರು ವರದಿಗಳು ಫೈಲಿನಲ್ಲಿ ಹಾಗೆಯೇ ಕೂತಿದ್ದವು, ಅವುಗಳ ಆಧಾರದಲ್ಲಿ ಬರೆದ ‘ಪಾತ್ರೆಗಳ ಅಶುಚಿತ್ವ’ ಎಂಬ ಷರಾ ಕೂಡ. ಪೈಪು ಬದಲಾಯಿತಲ್ಲ, ಇನ್ನು ಅದನ್ನೆಲ್ಲ ಕೆದಕುವುದು ಯಾಕೆ ಎಂದು ಲ್ಯಾಬಿನ ಮುಖ್ಯಸ್ಥರು ಕೇಳಿದರು. ಕೆದಕದಿದ್ದರೆ ಕಾಗದದಲ್ಲಿ ಚಾಚಿ ಕೊಳಕಿಯಾಗಿಯೇ ಉಳಿಯುತ್ತಾರೆ ಎಂದೆ. ಮೂರು ವರದಿಗಳನ್ನೂ ಹಿಂತೆಗೆದುಕೊಂಡು, ಸ್ಯಾಂಪಲ್ ಹಿಡಿದ ಕ್ರಮದಲ್ಲಿ ನಮ್ಮ ತಪ್ಪೇನೆಂದು ವಿವರಿಸಿ, ಮನೆಗಳ ಪಾತ್ರೆಗಳಲ್ಲಿ ಯಾವ ದೋಷವೂ ಇರಲಿಲ್ಲವೆಂದು ಒಂದು ಪತ್ರ ಬರೆದು ಸಹಿ ಹಾಕಿದೆ. ಅದರ ಪ್ರತಿಯನ್ನು ಹಿಡಿದುಕೊಂಡು ಬಸ್ಸು ಹತ್ತಿದೆ.

ನೀರು ಬರುವ ಹೊತ್ತಾಗಿತ್ತು, ಹೆಂಗಸರೆಲ್ಲ ಇದ್ದರು. ಚಾಚಿ ಕಾಗದವನ್ನು ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟು, “ಓದು ಬೇಟಿ” ಎಂದರು. ಮೇಡಂ ಹೋಗಿ ಬೇಟಿ ಆದದ್ದನ್ನು ನಾನು ಗಮನಿಸಿದೆ. ಇಂಗ್ಲಿಷಿನಲ್ಲಿದ್ದದ್ದನ್ನು ಹಿಂದಿಗೆ ಮಾಡುತ್ತ, ತಡವರಿಸುತ್ತ ಓದಿದೆ. ಈ ಗಲ್ಲಿಯವರ ಕೊಡಗಳು ಸ್ವಚ್ಛವಾಗಿದ್ದವು. ಮಕ್ಕಳ ಕಾಯಿಲೆಗೆ ತಾಯಂದಿರು ಕಾರಣರಲ್ಲ. ತಪ್ಪು ನಮ್ಮದು. ಚಾಚಿಯ ಸೊಸೆ ಕೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು, ಅವಳ ಪಕ್ಕದಲ್ಲಿ ತವರಿನಿಂದ ಬಂದ ಅವಳ ತಾಯಿ.

ಚಾಚಿ ಆ ಬೀಗಿತ್ತಿಯ ಕಡೆ ಒಂದು ಸಲ ನೋಡಿದರು. ಆಮೇಲೆ ನಲ್ಲಿ ಮುಚ್ಚಿ, ನೀರಿನ ಸದ್ದು ನಿಲ್ಲಿಸಿ, ನನಗೆ ಹೇಳಿದರು.

“ಇನ್ನೊಮ್ಮೆ ಓದು. ಸ್ವಲ್ಪ ಗಟ್ಟಿಯಾಗಿ.”